ಟೈರಿನ ಮಗ್ಗುಲಲ್ಲಿ ಬರೆದ ತೂಕ

ಮಂಗಳೂರು, ಕಾಸರಗೋಡು ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 66 ಕೊಚ್ಚಿಯನ್ನು ಹಾಯ್ದು ತಿರುವನಂತಪುರದತ್ತ ಇಳಿಯುತ್ತದೆ. ಜೂನ್ ಮೊದಲ ವಾರ ಮಳೆ ಹಿಡಿಯುವ ಊರುಗಳಿವು. ಬೇಸಿಗೆಯಿಡೀ ಯಾರ ಕಣ್ಣಿಗೂ ಬೀಳದ ಬೋಳು ಟೈರು ಮೊದಲ ಮಳೆಗೆ ಬ್ರೇಕ್ ಒತ್ತಿದಾಗ ನೆನಪಾಗುತ್ತದೆ.

ಅಂಗಡಿಯಲ್ಲಿ ಗಿರಾಕಿ ಕೇಳುವುದು ಮೂರೇ ಪ್ರಶ್ನೆ: ಯಾವ ಕಂಪನಿ, ಎಷ್ಟು ರೇಟು, ಎಷ್ಟು ಸಾವಿರ ಕಿಲೋಮೀಟರ್ ಬರುತ್ತದೆ? ಅಳತೆಯ ಪಕ್ಕದಲ್ಲೇ ಅಚ್ಚಾದ ಎರಡಂಕಿಯ ಸಂಖ್ಯೆಯನ್ನು ಕೇಳುವವರು ಕಡಿಮೆ.

ಮಾರುತಿ ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗಳಿಗೆ ಬರುವ ಟೈರನ್ನೇ ನೋಡಿ: 165/80 ಆರ್14 85ಎಸ್. ಅಗಲ 165 ಮಿಲಿಮೀಟರ್. ಮಗ್ಗುಲಿನ ಎತ್ತರ ಆ ಅಗಲದ ಶೇ. 80; ರಿಮ್ 14 ಇಂಚು. ಕೊನೆಯ ‘ಎಸ್’ ಎಂದರೆ ಗಂಟೆಗೆ 180 ಕಿ.ಮೀ. ವೇಗದವರೆಗೆ ಸರಿ. ನಡುವಿನ 85 ಲೋಡ್ ಇಂಡೆಕ್ಸ್. ಅದು ಕಿಲೋ ಅಲ್ಲ, ಪಟ್ಟಿಯೊಂದರ ಕ್ರಮಸಂಖ್ಯೆ. ಆ ಪಟ್ಟಿಯಲ್ಲಿ 85ರ ಎದುರು 515 ಕೆ.ಜಿ. ಎಂದಿದೆ. ಹೇಳಿದಷ್ಟು ಗಾಳಿಯಿದ್ದರೆ ಒಂದು ಟೈರು ಹೊರಬಲ್ಲ ಗರಿಷ್ಠ ಭಾರ ಅದು. ಆಲ್ಟೊ 800ರ ಪುಟ್ಟ 12 ಇಂಚಿನ ಟೈರಿನ ಮೇಲೆ 74 ಇರುತ್ತದೆ, ಎಂದರೆ 375 ಕೆ.ಜಿ.

ಈಗ ಸ್ವಿಫ್ಟ್‌ಗೆ ಅದೇ 14 ಇಂಚಿನ ರಿಮ್‌ಗೆ 175/65 ಆರ್14 82 ಕೂರಿಸಿದರೆಂದುಕೊಳ್ಳಿ. ಕೂರುತ್ತದೆ, ಅಗಲವಾಗಿಯೂ ಕಾಣುತ್ತದೆ. ‘ಇದು ಮದಿ ಸಾರೇ’, ಸಾಕು ಬಿಡಿ ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಒಪ್ಪಿಬಿಡುವಷ್ಟು ಚೆಂದ. ಆದರೆ 82 ಎಂದರೆ 475 ಕೆ.ಜಿ.; ಚಕ್ರಕ್ಕೆ ನಲವತ್ತು ಕಿಲೋ ಖೋತಾ. ಚಕ್ರದ ವ್ಯಾಸವೂ 36 ಮಿಲಿಮೀಟರ್ ಕುಗ್ಗುತ್ತದೆ. ಕಾರು 18 ಮಿಲಿಮೀಟರ್ ತಗ್ಗುತ್ತದೆ, ಮೀಟರಿನಲ್ಲಿ 100 ಕಿ.ಮೀ. ಏರುವಷ್ಟರಲ್ಲಿ ನಿಜವಾಗಿ ಓಡಿದ್ದು 94. ಗುಂಡಿ ತುಂಬಿದ ಮಳೆನೀರಿನಲ್ಲಿ ಆ 18 ಮಿಲಿಮೀಟರ್ ಸಣ್ಣದಲ್ಲ.

ಲೆಕ್ಕ ಬಲ್ಲವರು ತಕ್ಷಣ ಕೇಳಬಹುದು: ಜನ, ಸಾಮಾನು ಸೇರಿ ಕಾರಿನ ತೂಕ ಸುಮಾರು 1,300 ಕೆ.ಜಿ., ನಾಲ್ಕು ಟೈರು ಸೇರಿದರೆ 1,900, ಮತ್ತೇನು ಭಯ? ಕಾರು ಸಮತಟ್ಟು ನೆಲದಲ್ಲಿ ನಿಂತಿದ್ದರೆ ಭಯವಿಲ್ಲ. ತಿರುವನಂತಪುರದಿಂದ ಪೊನ್ಮುಡಿಗೆ ಹೋಗುವ ಘಾಟಿಯಲ್ಲಿ 22 ಹೇರ್‌ಪಿನ್ ತಿರುವುಗಳಿವೆ. ಐವರನ್ನು ಕೂರಿಸಿಕೊಂಡು ಅಲ್ಲಿಂದ ಇಳಿಯುವಾಗ ಪ್ರತಿ ಬ್ರೇಕಿಗೂ ಭಾರ ಮುಂದಕ್ಕೆ ನುಗ್ಗುತ್ತದೆ, ಪ್ರತಿ ತಿರುವಿಗೂ ಹೊರಮಗ್ಗುಲಿಗೆ ವಾಲುತ್ತದೆ. ಹೆಚ್ಚಿನ ಹೊರೆ ಆ ಮುಂದಿನ ಒಂದೇ ಟೈರಿನ ಮೇಲೆ. ಗಾಳಿ ಕಡಿಮೆಯಿದ್ದರಂತೂ ಟೈರಿನ ಮಗ್ಗುಲು ಮಡಚಿ ಬಿಚ್ಚಿ ಮಡಚಿ ಬಿಸಿಯಾಗುತ್ತದೆ. ಸಿಡಿಯುವ ಟೈರುಗಳಲ್ಲಿ ಅನೇಕವು ಹೀಗೆ ಒಳಗೇ ಬೆಂದವು. ಕಂಪನಿ ಬಿಟ್ಟ ಅಂತರವೆಲ್ಲ ಇಂಥ ಗಳಿಗೆಗಾಗಿ, ಮಾಲೀಕನ ಉಳಿತಾಯಕ್ಕಲ್ಲ.

ಹಾಗಾದರೆ ಅಳತೆ ಬದಲಿಸಲೇಬಾರದೆ? ಬದಲಿಸಬಹುದು. ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗಳಿಗೆ ಕಂಪನಿಯೇ 185/65 ಆರ್15 88 ಕೊಡುತ್ತದೆ. ರಿಮ್ ದೊಡ್ಡದಾದರೂ ಒಟ್ಟು ವ್ಯಾಸದಲ್ಲಿ ಎರಡೇ ಮಿಲಿಮೀಟರ್ ವ್ಯತ್ಯಾಸ. ಭಾರ ಹೊರುವ ಶಕ್ತಿ 560 ಕೆ.ಜಿ.ಗೆ ಏರುತ್ತದೆ. ಅಂಕಿ ಮೇಲೆ ಹೋಗಲಿ, ಕೆಳಗೆ ಇಳಿಯದಿರಲಿ. ಕಾರಿಗೆ ಒಪ್ಪುವ ಅಳತೆ, ಹಾಕಬೇಕಾದ ಗಾಳಿ ಎರಡೂ ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿರುತ್ತವೆ.

ಇದೆಲ್ಲ ಗೊತ್ತಿರಬೇಕಾದ ನಾಡೇ ಕೇರಳ. ರಬ್ಬರ್ ಬೋರ್ಡ್ ಇರುವುದು ಕೊಟ್ಟಾಯಂನಲ್ಲಿ. ಅಪೊಲೊ ಟೈರ್ಸ್‌ನ ನೋಂದಾಯಿತ ಕಚೇರಿ ಕೊಚ್ಚಿಯಲ್ಲಿದೆ. ಅದರ ಮೊದಲ ಕಾರ್ಖಾನೆ 1977ರಲ್ಲಿ ಶುರುವಾದದ್ದು ತೃಶ್ಶೂರು ಜಿಲ್ಲೆಯ ಪೆರಾಂಬ್ರದಲ್ಲಿ.

ಹೊಸತೆಂದು ಕೊಡುವ ಟೈರು ಗೋದಾಮಿನಲ್ಲಿ ಎಷ್ಟು ಕಾಲ ಮಲಗಿತ್ತೆಂದು ಅದೇ ಹೇಳುತ್ತದೆ. ಮಗ್ಗುಲಲ್ಲಿ 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಹಳೆಯ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ ಕಾನೂನಿನ ಪ್ರಕಾರ ಅದರ ಆಯುಷ್ಯ ಮುಗಿಯಿತು. ಕೈ ಬಿಗಿಯಿದ್ದು ಎರಡನ್ನಷ್ಟೇ ಕೊಂಡರೆ ಅವು ಹಿಂದಿನ ಚಕ್ರಗಳಿಗೇ ಹೋಗಲಿ. ಮುಂದಕ್ಕೆ ಹಾಕಿಸುವವರೇ ಹೆಚ್ಚು. ಆದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿ ಕಾರು ತಿರುಗಿಬಿಟ್ಟರೆ ಸ್ಟಿಯರಿಂಗ್ ಹಿಡಿದವನಿಗೆ ಮಾಡಲು ಏನೂ ಉಳಿದಿರುವುದಿಲ್ಲ.