ಬಯಲಿನ ಡೊಳ್ಳು, ಕೋಣೆಯ ಮೈಕು

ಕಡೂರು ತಾಲ್ಲೂಕಿನ ಸಿಂಗಟಗೆರೆ, ಪಂಚನಹಳ್ಳಿ ಕಡೆಯ ಜಾತ್ರೆಗಳಲ್ಲಿ ಉತ್ಸವ ಎಲ್ಲಿಗೆ ಬಂತು ಎಂದು ಯಾರನ್ನೂ ಕೇಳಬೇಕಿಲ್ಲ. ಸದ್ದಿನ ಜಾಡು ಹಿಡಿದು ನಡೆದರೆ ಸಾಕು. ವೀರಗಾಸೆಯವರ ಜೊತೆ ಸಂಬಾಳ, ಕರಡೆ. ಬೀರೇಶ್ವರನ ಮುಂದೆ ಡೊಳ್ಳು. ಹತ್ತಾರು ಹೊಲಗಳಾಚೆಗೂ ಮುಟ್ಟಲೆಂದೇ ಮಾಡಿದ ವಾದ್ಯಗಳಿವು. ಇಂಥ ವಾದ್ಯವನ್ನು ಹೆಗಲಿಗೇರಿಸಿಕೊಂಡು ಕಲಾವಿದ ಸ್ಟುಡಿಯೊದ ಬಾಗಿಲು ದಾಟಿದ ಕ್ಷಣದಿಂದ ಕಷ್ಟ ಶುರುವಾಗುತ್ತದೆ.

ಮೊದಲ ತಕರಾರು ಚರ್ಮದ್ದು. ಮೋಡ ಮುಸುಕಿದ ದಿನ ಚರ್ಮ ತೇವ ಹೀರಿ ಸಡಿಲವಾಗುತ್ತದೆ, ದನಿ ಇಳಿಯುತ್ತದೆ. ಬಯಲಿನಲ್ಲಿ ಇದಕ್ಕೆ ಮದ್ದಿದೆ: ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಡೊಳ್ಳಿನ ಹಗ್ಗ ಎಳೆದು ಬಿಗಿಯುತ್ತಾರೆ. ಸ್ಟುಡಿಯೊದಲ್ಲಿ ಬೆಂಕಿ ಹಾಕುವಂತಿಲ್ಲ. ಅಲ್ಲಿನ ಎ.ಸಿ. ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಚರ್ಮ ಮೆಲ್ಲಗೆ ಬಿಗಿಯುತ್ತ ಹೋಗುತ್ತದೆ. ಬೆಳಿಗ್ಗೆ ಬಾರಿಸಿದ ಪಲ್ಲವಿಗೂ ಮಧ್ಯಾಹ್ನ ಬಾರಿಸಿದ ಚರಣಕ್ಕೂ ದನಿ ಕೂಡದಿದ್ದರೆ ತಪ್ಪು ಕೈಯದಲ್ಲ.

ಎರಡನೆಯದು ಪೆಟ್ಟಿನ ಬಲ. ಡಿಜಿಟಲ್ ಧ್ವನಿಮುದ್ರಣಕ್ಕೆ ಒಂದು ಮೇಲ್ಮಿತಿ ಇದೆ. ಅದನ್ನು ಮೀರಿದ ಸದ್ದು ಒಡೆದು ಕೇಳುತ್ತದೆ. ಹಾಗಾಗಿ ಮೈಕನ್ನು ದೂರ ಸರಿಸುತ್ತಾರೆ, ಇಲ್ಲವೇ ಮೆಲ್ಲಗೆ ಬಾರಿಸಲು ಹೇಳುತ್ತಾರೆ. ಮೆಲ್ಲಗೆ ಬಾರಿಸಿದ ಡೊಳ್ಳಿಗೆ ಗುಡುಗು ಬರುವುದಿಲ್ಲ. ಇದು ನಮ್ಮವರದಷ್ಟೇ ಕಥೆಯಲ್ಲ. 1923ರಲ್ಲಿ ಅಮೆರಿಕದ ಜೆನೆಟ್ ಕಂಪನಿಯ ಸ್ಟುಡಿಯೊದಲ್ಲಿ ಕಿಂಗ್ ಆಲಿವರ್ ಅವರ ಜಾಝ್ ತಂಡ ಹಾಡುಗಳನ್ನು ಮುದ್ರಿಸಿದಾಗ ಡ್ರಮ್ ವಾದಕ ಬೇಬಿ ಡಾಡ್ಸ್ ತಮ್ಮ ದೊಡ್ಡ ಡ್ರಮ್ ಬಿಟ್ಟು ಮರದ ತುಂಡನ್ನೇ ಹೆಚ್ಚಾಗಿ ಬಾರಿಸಬೇಕಾಯಿತು. ಮೇಣದ ತಟ್ಟೆಯ ಮೇಲೆ ಗೀರು ಕೊರೆಯುವ ಮುಳ್ಳನ್ನು ದೊಡ್ಡ ಡ್ರಮ್ಮಿನ ಪೆಟ್ಟು ಅಲುಗಿಸಿಬಿಡುತ್ತಿತ್ತು.

ಮೂರನೆಯದೇ ಎಲ್ಲಕ್ಕಿಂತ ಕಠಿಣ. ಅದು ನಡೆ.

ವೀರಗಾಸೆಯಲ್ಲಿ ಒಡಪು, ಅಂದರೆ ವೀರಭದ್ರನನ್ನು ಕೊಂಡಾಡುವ ನುಡಿ, ಹೇಳುವಾಗ ವಾದ್ಯ ನಿಲ್ಲುತ್ತದೆ. ಎಷ್ಟು ಹೊತ್ತು ಎಂಬುದು ಒಡಪು ಹೇಳುವವರ ಉಸಿರಿಗೂ ನೆರೆದ ಜನರ ಹುರುಪಿಗೂ ಬಿಟ್ಟದ್ದು. ಡೊಳ್ಳು ಕುಣಿತದ ಗತ್ತು ನಿಧಾನವಾಗಿ ಎದ್ದು, ಹೆಜ್ಜೆ ಕಾವೇರಿದಂತೆ ವೇಗ ಪಡೆಯುತ್ತದೆ. ವಾದಕರ ಕಣ್ಣು ಜೊತೆಗಾರರ ಕಾಲಿನ ಮೇಲಿರುತ್ತದೆ. ಸ್ಟುಡಿಯೊದಲ್ಲಿ ಕಾಲೂ ಇಲ್ಲ, ಜನರೂ ಇಲ್ಲ; ಹೆಡ್‌ಫೋನಿನಲ್ಲಿ ತಾಳದ ಲೆಕ್ಕ ತಪ್ಪದಂತೆ ಟಕ್ ಟಕ್ ಎನ್ನುವ ಕ್ಲಿಕ್ ಒಂದೇ. ನಿಮಿಷಕ್ಕೆ 120 ಪೆಟ್ಟಿನ ನಾಲ್ಕು ನಿಮಿಷದ ಹಾಡಿನಲ್ಲಿ 480 ಪೆಟ್ಟುಗಳಿವೆ. ವಾದಕ ಹುರುಪಿನಿಂದ 126ಕ್ಕೆ ಏರಿದರೆ ಹಾಡು ಸುಮಾರು 11 ಸೆಕೆಂಡು ಮೊದಲೇ ಮುಗಿಯುತ್ತದೆ. ಬಯಲಿನಲ್ಲಿ ಅದು ಕಾವು, ಸ್ಟುಡಿಯೊದಲ್ಲಿ ತಪ್ಪು.

ಹಾಡು ಹೊರಬಂದ ಮೇಲೆ ಅದನ್ನೇ ವೇದಿಕೆಯಲ್ಲಿ ನುಡಿಸಬೇಕು. ಒಬ್ಬರೇ ಹಲವು ಸಲ ಬಾರಿಸಿ, ಒಂದರ ಮೇಲೊಂದು ಪೇರಿಸಿದ ಟ್ರ್ಯಾಕನ್ನು ಕೇಳಿದವರು ಅಷ್ಟೇ ತುಂಬಿದ ಸದ್ದನ್ನು ಇಬ್ಬರಿಂದ ನಿರೀಕ್ಷಿಸುತ್ತಾರೆ. ಡೊಳ್ಳಿನ ಸದ್ದು ಗಾಯಕರ ಮೈಕಿಗೂ ನುಗ್ಗಿ ಸಾಹಿತ್ಯವನ್ನು ಮುಚ್ಚುತ್ತದೆ. ಮೊದಲೇ ಮುದ್ರಿಸಿಟ್ಟ ಟ್ರ್ಯಾಕ್ ಜೊತೆ ನುಡಿಸುವಾಗ ಗಾಯಕರು ಪಲ್ಲವಿಯನ್ನು ಇನ್ನೊಮ್ಮೆ ಎತ್ತಿಕೊಂಡರೆ ಟ್ರ್ಯಾಕ್ ಕಾಯುವುದಿಲ್ಲ, ಸಂಭಾಳಿಸಬೇಕಾದವರು ವಾದಕರೇ. ಮೆರವಣಿಗೆಯಲ್ಲಿ ಇನ್ನೊಂದು ತೊಡಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ಹಿಂದಿರುವವರಿಗೆ ಮುಂದಿನವರ ಪೆಟ್ಟು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕೇಳುತ್ತದೆ. ಕಿವಿಯನ್ನಷ್ಟೇ ನಂಬಿದರೆ ತಾಳ ತಪ್ಪುತ್ತದೆ. ಅದಕ್ಕೇ ಹಿಂದಿನವರು ಮುಂದಾಳಿನ ಕೈ ನೋಡಿ ಬಾರಿಸುತ್ತಾರೆ.

ಬಯಲಿನ ಸದ್ದಿಗೂ ಕೋಣೆಯ ಸದ್ದಿಗೂ ಇರುವ ಅಂತರ ಸಿನಿಮಾದಲ್ಲೂ ಚರ್ಚೆಗೆ ಬಂದಿದೆ. ಸಾಗರ್ ಪುರಾಣಿಕ್ ನಿರ್ದೇಶಿಸಿದ ‘ಡೊಳ್ಳು’ ಚಿತ್ರಕ್ಕೆ 2022ರ ಜುಲೈನಲ್ಲಿ ಪ್ರಕಟವಾದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಗೌರವದ ಜೊತೆಗೆ ಚಿತ್ರೀಕರಣದ ಜಾಗದಲ್ಲೇ ಹಿಡಿದ ಧ್ವನಿಗಾಗಿ ಕೊಡುವ ಪ್ರಶಸ್ತಿಯೂ ಬಂತು. ಆದರೆ ಅದು ಡಬ್ ಮಾಡಿದ ಚಿತ್ರ ಎಂದು ಅದರ ಧ್ವನಿ ವಿನ್ಯಾಸಕ ನಿತಿನ್ ಲುಕೋಸ್ ಅವರೇ ಬಹಿರಂಗವಾಗಿ ಹೇಳಿದರು. ಸ್ಥಳದ ಸದ್ದು ಯಾವುದು, ಕೋಣೆಯ ಸದ್ದು ಯಾವುದು ಎಂದು ಗುರುತಿಸುವ ಕಿವಿ ನಮ್ಮಲ್ಲಿ ಇನ್ನೂ ಪಳಗಬೇಕಿದೆ.

ಚರ್ಮವಾದ್ಯಕ್ಕೆ ಮನ್ನಣೆ ಸಿಗುತ್ತಿಲ್ಲವೆಂದಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಸಂದಿತು. ಆ ಗೌರವ ಮುದ್ರಣದ ರೀತಿಯಲ್ಲೂ ಕಾಣಬೇಕು. ಜನಪದ ಹಾಡು ಮುದ್ರಿಸಲು ಹೊರಡುವವರು ವಾದಕರನ್ನು ಕೋಣೆಗೆ ಕರೆಯುವ ಮೊದಲು ತಾವೇ ಒಮ್ಮೆ ಅವರ ಊರಿನ ಬಯಲಿಗೆ ಹೋಗಲಿ. ಮೈಕನ್ನು ಎಂಟು ಹತ್ತು ಹೆಜ್ಜೆ ದೂರ ನಿಲ್ಲಿಸಿ, ಕ್ಲಿಕ್ ಇಲ್ಲದೆ, ಇಡೀ ತಂಡ ತನ್ನ ಗತ್ತಿನಲ್ಲೇ ಒಟ್ಟಿಗೆ ಬಾರಿಸಲು ಬಿಡಲಿ. ಹಾಡು ಹೊರಬಂದಾಗ ಗಾಯಕರ ಹೆಸರಿನ ಕೆಳಗೆ ಬಾರಿಸಿದ ಪ್ರತಿಯೊಬ್ಬರ ಹೆಸರನ್ನೂ ಊರಿನ ಸಮೇತ ಬರೆಯಲಿ.