ಅಧ್ಯಕ್ಷರ ಆಪ್ತರು ಮತ್ತು ಚಂಡಮಾರುತ

ಗೆದ್ದ ಪಕ್ಷ ತನಗಾಗಿ ದುಡಿದವರಿಗೆ ಸರ್ಕಾರಿ ಹುದ್ದೆ ಹಂಚುವುದೇ ರಾಜಕೀಯ ನೇಮಕ. ನಿಗಮ-ಮಂಡಳಿಗಳ ಅಧ್ಯಕ್ಷಗಿರಿಗೆ ನಡೆಯುವ ಲಾಬಿಯನ್ನು ಬಲ್ಲ ಕನ್ನಡ ಓದುಗರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ಈ ಪದ್ಧತಿ ಅಂಚೆ ಕಚೇರಿಯ ತನಕ ಇಳಿದಿತ್ತು. 1881ರಲ್ಲಿ ಹುದ್ದೆ ಸಿಗದೆ ಸಿಟ್ಟಾದವನೊಬ್ಬ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೇ ಗುಂಡು ಹೊಡೆದ. 1883ರ ಪೆಂಡಲ್ಟನ್ ಕಾಯ್ದೆಯಿಂದ ಅರ್ಹತೆ ನೋಡಿ ನೇಮಿಸುವ ಪದ್ಧತಿ ಶುರುವಾಯಿತು. ಆದರೂ ಇಂದಿಗೂ ಹೊಸ ಅಧ್ಯಕ್ಷರ ಕೈಯಲ್ಲಿ ಸುಮಾರು 4,000 ಹುದ್ದೆಗಳಿರುತ್ತವೆ.

ಅಲ್ಲಿನ ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ (ನಮ್ಮ ವಿದೇಶಿ ವಿನಿಮಯ ಕಾಯ್ದೆಗೂ ಇದಕ್ಕೂ ಸಂಬಂಧವಿಲ್ಲ) ಹುಟ್ಟಿದ್ದು 1979ರಲ್ಲಿ, ಅಧ್ಯಕ್ಷ ಕಾರ್ಟರ್ ಆಡಳಿತದಲ್ಲಿ. ಬೇರೆ ಬೇರೆ ಇಲಾಖೆಗಳ ಕಚೇರಿಗಳನ್ನು ಒಂದೇ ಸೂರಿನಡಿ ತಂದು ಅದನ್ನು ಕಟ್ಟಲಾಯಿತು. 1989ರ ಹ್ಯೂಗೊ, 1992ರ ಆಂಡ್ರ್ಯೂ ಚಂಡಮಾರುತಗಳಲ್ಲಿ ನೆರವು ತಡವಾಗಿ ಸಂಸ್ಥೆಯ ಮಾನ ಹೋಯಿತು. ಪಕ್ಷದವರನ್ನು ಸದ್ದಿಲ್ಲದೆ ತಂದು ಸುರಿಯುವ ಜಾಗ ಇದು ಎಂದು 1992ರಲ್ಲಿ ಸಂಸತ್ತಿನ ಸಮಿತಿಯ ವರದಿಯೇ ಬರೆಯಿತು.

ಈ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿ, ಒಡ್ಡುಗಳು ಒಡೆದು, ನ್ಯೂ ಆರ್ಲಿಯನ್ಸ್ ನಗರದ ಸುಮಾರು ಶೇ. 80 ಭಾಗ ಮುಳುಗಿತು. ಆಗ ಫೆಮಾ ಮುಖ್ಯಸ್ಥರಾಗಿದ್ದವರು ಮೈಕೆಲ್ ಬ್ರೌನ್. ಹಿಂದೆ ಅರಬ್ಬೀ ಕುದುರೆಗಳ ಸಂಘವೊಂದರ ಅಧಿಕಾರಿಯಾಗಿದ್ದವರು. 'ಕುದುರೆಯವನ ಕೈಗೆ ಊರು ಕೊಟ್ಟರು, ಊರು ಮುಳುಗಿತು' ಎಂಬಂಥ ಕಥೆ ಕೇಳಲು ಸೊಗಸು, ಸತ್ಯ ಮಾತ್ರ ಅರ್ಧ. ಒಡ್ಡುಗಳನ್ನು ವಿನ್ಯಾಸ ಮಾಡಿದ್ದು ಸೇನೆಯ ಎಂಜಿನಿಯರ್ ವಿಭಾಗ. ಬ್ರೌನ್ ಕೂಡ ಲಾಯದಿಂದ ನೇರವಾಗಿ ಕುರ್ಚಿಗೆ ಬಂದವರಲ್ಲ. 2001ರಲ್ಲೇ ಕಾನೂನು ಸಲಹೆಗಾರರಾಗಿ ಫೆಮಾ ಸೇರಿದ್ದರು. 2004ರಲ್ಲಿ ಫ್ಲಾರಿಡಾಕ್ಕೆ ಸಾಲಾಗಿ ಬಂದ ನಾಲ್ಕು ಚಂಡಮಾರುತಗಳನ್ನು ಅವರ ಕಾಲದಲ್ಲೇ ಸಂಸ್ಥೆ ಎದುರಿಸಿತ್ತು. ಇನ್ನು ಫೆಮಾದ ಅತ್ಯುತ್ತಮ ಮುಖ್ಯಸ್ಥರೆಂದು ಹೆಸರಾದ ಜೇಮ್ಸ್ ಲೀ ವಿಟ್? ಅವರೂ ಅಧ್ಯಕ್ಷ ಕ್ಲಿಂಟನ್‌ರ ಆಪ್ತರೇ, ಅರ್ಕನ್ಸಾದ ಕಾಲದಿಂದ! ಆದರೆ ಆ ರಾಜ್ಯದ ವಿಪತ್ತು ಕಚೇರಿಯನ್ನು ನಡೆಸಿ ಬಂದವರು.

ಹಾಗಾದರೆ ಕೆಡುಕು ಎಲ್ಲಿದೆ? ಮುಖ್ಯಸ್ಥರ ಕುರ್ಚಿಗಿಂತ ಅದರ ಕೆಳಗಿನ ಎರಡು ಮೂರು ಹಂತಗಳಲ್ಲಿ. ಅಲ್ಲೂ ಪಕ್ಷದವರೇ ಬಂದು ಕೂತರೆ, ಇಪ್ಪತ್ತು ವರ್ಷ ದುಡಿದ ಕಾಯಂ ನೌಕರನಿಗೆ ತಾನು ಎಲ್ಲಿಯವರೆಗೆ ಏರಬಲ್ಲೆ ಎಂಬುದು ಗೊತ್ತಾಗಿಬಿಡುತ್ತದೆ. ಚೆನ್ನಾಗಿ ಕೆಲಸ ಬಲ್ಲವನಿಗೆ ಹೊರಗೆ ಬೇಡಿಕೆ ಇರುವುದರಿಂದ ಅವನೇ ಮೊದಲು ಹೊರಡುತ್ತಾನೆ. ಯಾವ ಜಿಲ್ಲೆಯಲ್ಲಿ ಯಾರಿಗೆ ಫೋನ್ ಮಾಡಿದರೆ ರಾತ್ರಿಯೇ ಬಸ್ಸು ಹೊರಡುತ್ತದೆ ಎಂಬಂಥ ತಿಳಿವಳಿಕೆ ಕಡತದಲ್ಲಿ ಇರುವುದಿಲ್ಲ. ಅವನ ಜೊತೆಗೇ ಹೋಗುತ್ತದೆ. ಕತ್ರೀನಾಕ್ಕೆ ಮುಂಚೆ ಫೆಮಾದಲ್ಲಿ ಶೇ. 15ರಿಂದ 20ರಷ್ಟು ಹುದ್ದೆಗಳು ಖಾಲಿ ಇದ್ದವು. ವಿಟ್ ಮಾಡಿದ್ದು ಇದಕ್ಕೆ ತದ್ವಿರುದ್ಧ: ರಾಜಕೀಯ ಹುದ್ದೆಗಳನ್ನು ಕಡಿತಗೊಳಿಸಿ ಅನುಭವಿಗಳಿಗೆ ಜವಾಬ್ದಾರಿ ಕೊಟ್ಟರು.

ಇಷ್ಟಾದರೂ ಹೊರಗಿನವರಿಗೆ ಏನೂ ಕಾಣುವುದಿಲ್ಲ. ಪಡಿತರ ಕಚೇರಿ ಕೆಟ್ಟರೆ ಮರುದಿನವೇ ಸಾಲಿನಲ್ಲಿ ಗಲಾಟೆ ಏಳುತ್ತದೆ. ವಿಪತ್ತು ಕಚೇರಿ ಒಳಗೊಳಗೇ ಹುಳುಕಾದರೆ ಬಿರುಗಾಳಿ ಬರುವವರೆಗೆ ಸುದ್ದಿಯೇ ಇಲ್ಲ. ಆಪ್ತರನ್ನು ಕೂರಿಸಲು ಇಂಥ ಕಚೇರಿಗಳು ಸಲೀಸಾಗಿ ಒದಗುವುದು ಈ ಕಾರಣಕ್ಕೇ.

ಬಿರುಗಾಳಿ ಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ ಕತ್ರೀನಾದ ಹೊತ್ತಿನ, 2005ರ ಆಗಸ್ಟ್ 31ರ ಎರಡು ಇ-ಮೇಲ್‌ಗಳು ಸಾಕ್ಷಿ. ಜನ ಆಶ್ರಯ ಪಡೆದಿದ್ದ ಸೂಪರ್‌ಡೋಮ್ ಕ್ರೀಡಾಂಗಣದಿಂದ ಫೆಮಾ ಸಿಬ್ಬಂದಿಯೊಬ್ಬರು, ಪರಿಸ್ಥಿತಿ ಕೈಮೀರಿದೆ, ಅನ್ನ-ನೀರು ಮುಗಿಯುತ್ತಿದೆ ಎಂದು ಬ್ರೌನ್‌ಗೆ ಬರೆದರು. ಅದೇ ದಿನ ಬ್ರೌನ್‌ರ ಪತ್ರಿಕಾ ಕಾರ್ಯದರ್ಶಿ ಬರೆದದ್ದು ಬೇರೆ: ಬ್ಯಾಟನ್ ರೂಜ್‌ನ ಹೋಟೆಲುಗಳಲ್ಲಿ ರಶ್ಶು, ಸಾಹೇಬರಿಗೆ ಊಟಕ್ಕೆ ಹೆಚ್ಚು ಸಮಯ ಬೇಕು. ಎರಡೂ ಅಕ್ಟೋಬರಿನ ಸೆನೆಟ್ ವಿಚಾರಣೆಯ ಹೊತ್ತಿಗೆ ಬಹಿರಂಗವಾದವು. ಅಷ್ಟರಲ್ಲಿ ಬ್ರೌನ್ ರಾಜೀನಾಮೆ ಕೊಟ್ಟಾಗಿತ್ತು.

ರಾಜಕೀಯ ನೇಮಕದಿಂದ ಕೆಲಸ ಕೆಡುತ್ತದೆಯೇ ಎಂಬ ಪ್ರಶ್ನೆಯನ್ನು ರಾಜಕೀಯ ವಿಜ್ಞಾನಿ ಡೇವಿಡ್ ಲೂಯಿಸ್ ಇಡೀ ಸರ್ಕಾರಕ್ಕೆ ಹಾಕಿ ನೋಡಿದರು. ಸರ್ಕಾರಿ ಕಾರ್ಯಕ್ರಮಗಳಿಗೆ ಆಗಿನ ಅಧ್ಯಕ್ಷ ಬುಷ್‌ರ ಆಡಳಿತವೇ ಕೊಟ್ಟ ಅಂಕಗಳನ್ನು ಹೋಲಿಸಿದಾಗ, ಕಾಯಂ ಅಧಿಕಾರಿಗಳು ನಡೆಸಿದವು ಮುಂದಿದ್ದವು. ಸ್ವಾರಸ್ಯವೆಂದರೆ ಓದಿನಲ್ಲಿ ರಾಜಕೀಯ ನೇಮಕದವರದೇ ಮೇಲುಗೈ. ಕಾಯಂ ಅಧಿಕಾರಿಗಳಿಗಿದ್ದದ್ದು ಅದೇ ಕಚೇರಿಯ ಅನುಭವ, ಒಂದೇ ಕಡೆ ಹೆಚ್ಚು ಕಾಲ ನಿಂತ ಅವಧಿ.

2006ರಲ್ಲಿ ಸಂಸತ್ತು ಕಾನೂನು ತಂದಿತು: ಫೆಮಾ ಮುಖ್ಯಸ್ಥರಿಗೆ ವಿಪತ್ತು ನಿರ್ವಹಣೆಯ ಜ್ಞಾನ ಇರಬೇಕು, ಕನಿಷ್ಠ 5 ವರ್ಷದ ಆಡಳಿತಾನುಭವವೂ ಬೇಕು. ಆದರೆ ಹಂಗಾಮಿಯಾಗಿ ಕೂರಿಸಿದವರ ಮಟ್ಟಿಗೆ ಈ ಷರತ್ತು ಸಡಿಲ. 2025ರ ಮೇ ತಿಂಗಳಲ್ಲಿ ಹೊಣೆ ವಹಿಸಿಕೊಂಡ ಡೇವಿಡ್ ರಿಚರ್ಡ್‌ಸನ್‌ಗೆ ವಿಪತ್ತು ನಿರ್ವಹಣೆಯ ಹಿನ್ನೆಲೆಯೇ ಇರಲಿಲ್ಲ.

ಲೂಯಿಸ್ ಎತ್ತಿದ ಅವಧಿಯ ಪ್ರಶ್ನೆಯನ್ನು ನಮ್ಮಲ್ಲೂ ಯಾರಾದರೂ ಕೈಗೆತ್ತಿಕೊಳ್ಳಬೇಕು. ಭಾರತದ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ಮುಖ್ಯಸ್ಥರು ಜಿಲ್ಲಾಧಿಕಾರಿ. ಅವರು ರಾಜಕೀಯ ನೇಮಕದವರಲ್ಲ, ಆದರೆ ವರ್ಗಾವಣೆ ಸರ್ಕಾರದ ಕೈಯಲ್ಲಿದೆ. ಒಬ್ಬೊಬ್ಬರು ಎಷ್ಟು ಮಳೆಗಾಲ ಅದೇ ಜಿಲ್ಲೆಯಲ್ಲಿ ಕಳೆಯುತ್ತಾರೆ, ಅದಕ್ಕೂ ನೆರೆ ಪರಿಹಾರದ ವೇಗಕ್ಕೂ ನಂಟಿದೆಯೇ? ಹಿಂದಿನವರ ಹೆಸರು, ಬಂದ ದಿನ, ಹೋದ ದಿನ ಬರೆದ ಫಲಕ ಇಂಥ ಕಚೇರಿಗಳ ಗೋಡೆಯ ಮೇಲೇ ಇರುತ್ತದೆ. ವಿದ್ಯಾರ್ಥಿಯೊಬ್ಬ ಅಲ್ಲಿಂದಲೇ ಶುರು ಮಾಡಬಹುದು.