ನಮ್ಮವರೆಂಬ ಹಸಿವು



ಶ್ರಾವಣ ಸಮೀಪಿಸಿತೆಂದರೆ ನಮ್ಮ ನರೇಗಲ್ಲ ಸೀಮೆಯ ಸೊಸೆಯಂದಿರ ಕಣ್ಣು ಬಾಗಿಲ ಕಡೆಗೇ ಇರುತ್ತದೆ. ಪಂಚಮಿಗೆ ಅಣ್ಣನೋ ತಮ್ಮನೋ ಕರೆಯಲು ಬರಬೇಕು. ತವರಿನಲ್ಲಿ ಅವಳಿಗೆ ಸಿಗುವುದೇನು? ನಾಲ್ಕು ಉಂಡಿ, ಒಂದು ಕುಬಸ, ಗಿಡಕ್ಕೆ ಕಟ್ಟಿದ ಜೋಕಾಲಿ. ಉಂಡಿ ಗಂಡನ ಮನೆಯಲ್ಲಿಯೂ ಉಂಟು. ಆದರೂ ಕರೆಯುವವರು ಬಾರದಿದ್ದರೆ ಆ ಹೆಣ್ಣುಮಗಳು ಒಲೆಯ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಾಳೆ. ಕೇಳಿದರೆ ಹೊಗೆಯೆನ್ನುತ್ತಿದ್ದಳು, ಈಗ ಗ್ಯಾಸಿನ ಒಲೆ ಬಂದು ಆ ನೆವವೂ ಹೋಯಿತು. “ನೀನು ಇನ್ನೂ ನಮ್ಮವಳು” ಎಂದು ಯಾರಾದರೂ ನಡೆದು ಬಂದು ಹೇಳಬೇಕೆಂಬುದೇ ಅವಳ ಆಸೆ.

ಇದನ್ನು ಹೆಂಗಸರ ದೌರ್ಬಲ್ಯವೆಂದು ನಗುವವರುಂಟು. ಅದು ಸಲ್ಲದು. ಇದು ಜೀವಕ್ಕೇ ಅಂಟಿಕೊಂಡು ಬಂದ ಹಸಿವು. ಅಮೆರಿಕೆಯ ಹ್ಯಾರಿ ಹಾರ್ಲೋ ಎಂಬ ವಿದ್ವಾಂಸನು 1950ರ ದಶಕದಲ್ಲಿ ಮಂಗನ ಮರಿಗಳನ್ನು ತಾಯಿಯಿಂದ ಅಗಲಿಸಿ, ಅವುಗಳ ಮುಂದೆ ಎರಡು ಬೊಂಬೆಗಳನ್ನಿಟ್ಟನು. ಒಂದು ಬರಿಯ ತಂತಿಯದು, ಅದರಲ್ಲಿ ಹಾಲಿನ ಬಾಟಲಿ. ಇನ್ನೊಂದಕ್ಕೆ ಮೆತ್ತನೆಯ ಅರಿವೆ ಸುತ್ತಿತ್ತು, ಹಾಲಿರಲಿಲ್ಲ. ಮರಿಗಳು ಹಸಿದಾಗ ತಂತಿಯ ಬಳಿಗೆ ಹೋಗಿ ಕುಡಿದು, ಮತ್ತೆ ಬಂದು ಅರಿವೆಯ ಬೊಂಬೆಯನ್ನೇ ತಬ್ಬಿಕೊಳ್ಳುತ್ತಿದ್ದವು. ಮೂಕಪ್ರಾಣಿಗಳಿಗೆ ಕೊಟ್ಟ ಆ ದುಃಖ ನಮಗೆ ಒಪ್ಪಿತವಲ್ಲ. ಕಂಡ ಸಂಗತಿ ಮಾತ್ರ ಸತ್ಯ.

1995ರಲ್ಲಿ ಬೌಮೈಸ್ಟರ್ ಮತ್ತು ಲಿಯರಿ ಎಂಬಿಬ್ಬರು ಮನಃಶಾಸ್ತ್ರಜ್ಞರು ಈ ಹಸಿವಿಗೆ ಎರಡು ಬಗೆಯ ಅನ್ನ ಬೇಕೆಂದು ಹೇಳಿದರು. ಮೇಲಿಂದ ಮೇಲೆ ಹಿತವಾದ ಒಡನಾಟವಿರಬೇಕು. ಈ ನಂಟು ನಾಳೆಯೂ ಇದ್ದೀತು, ನನ್ನ ಹಿತವನ್ನು ಬಯಸೀತು ಎಂಬ ಭರವಸೆಯೂ ಇರಬೇಕು. ನೂರು ಜನ ಬೇಕಿಲ್ಲ, ಕೆಲವರೇ ಸಾಕು. ಗೋವೆಗೋ ಮಂಗಳೂರಿಗೋ ದುಡಿಯಲು ಹೋದ ನಮ್ಮ ಹುಡುಗನಿಗೆ ಭರವಸೆಯುಂಟು, ಒಡನಾಟವಿಲ್ಲ. ಹತ್ತು ಜನರ ಮನೆಗೆ ಬಂದ ಹೊಸ ಸೊಸೆಗೆ ದಿನವೆಲ್ಲ ಒಡನಾಟ. ಆದರೆ “ಪರರ ಮನಿ ಕೂಸು” ಎಂಬ ಮಾತು ಒಮ್ಮೆ ಕಿವಿಗೆ ಬಿದ್ದರೆ ಭರವಸೆ ಹೋಯಿತು. ತುಂಬಿದ ಮನೆಯಲ್ಲಿಯೇ ಅವಳು ಒಂಟಿ.

ಗಂಡ-ಹೆಂಡಿರ ತಂಟೆಗಳು ಮಠದವರೆಗೂ ಬರುತ್ತವೆ. “ದುಡದ ತಂದ ಹಾಕತೇನ್ರಿ ಅಜ್ಜಾರ, ಇನ್ನೇನ ಬೇಕಂತ ಇಕೀಗೆ?” ಎಂದು ಅವನು. “ಫೋನ್ ಮಾಡಿದ್ರ ಎತ್ತೂದಿಲ್ರಿ” ಎಂದು ಅವಳು. ಜಗಳ ಉಪ್ಪಿನದಿರಲಿ, ಬಳೆಯದಿರಲಿ, ಒಳಗಿರುವ ಪ್ರಶ್ನೆ ಒಂದೇ: ನಾನು ನಿನಗೆ ಬೇಕೋ ಬೇಡವೋ? ಕಳೆದುಕೊಳ್ಳುವ ಅಂಜಿಕೆಯಿಂದ ಒಬ್ಬರು ಹತ್ತು ಸಲ ಕೇಳುತ್ತಾರೆ. ಇನ್ನೊಬ್ಬರಿಗೆ ಅದು ಕಟಕಟೆಯಂತೆ ತೋರಿ, ಎದ್ದು ಕಟ್ಟೆಗೆ ಹೋಗಿಬಿಡುತ್ತಾರೆ. ಹೋದುದರಿಂದ ಮೊದಲಿನವರ ಅಂಜಿಕೆ ಬೆಳೆಯುತ್ತದೆ, ಕೇಳುವುದು ಇನ್ನೂ ಹೆಚ್ಚುತ್ತದೆ. ಗಾಣದ ಎತ್ತಿನಂತೆ ಇಬ್ಬರೂ ಸುತ್ತುತ್ತಾರೆ. ಇಬ್ಬರಲ್ಲಿ ಯಾರೂ ದುಷ್ಟರಲ್ಲ. ಆದರೆ ಹೊಡೆತಕ್ಕೆ, ಕುಡಿತಕ್ಕೆ ಈ ಮಾತನ್ನು ಯಾರೂ ಆಸರೆ ಮಾಡಿಕೊಳ್ಳಬಾರದು, ಅದು ಬೇರೆ.

ಸಂಸ್ಕೃತದಲ್ಲಿ ‘ಮಮ’ ಎಂದರೆ ‘ನನ್ನ’. ಅದು ಷಷ್ಠೀ ವಿಭಕ್ತಿ, ಸಂಬಂಧವನ್ನು ಹೇಳುವ ವಿಭಕ್ತಿ. ಅದರಿಂದಲೇ ಮಮತೆ. ‘ತವ’ ಎಂದರೆ ‘ನಿನ್ನ’. ಜನರ ಬಾಯಲ್ಲಿ ಮಮತೆ ಉಳಿಯಿತು, ‘ತವತೆ’ ಎಂಬ ಮಾತು ಬಳಕೆಗೆ ಬರಲೇ ಇಲ್ಲ. ನೀನು ನನ್ನವಳು ಎನ್ನುವ ಗಂಡಸರು ಬೇಕಾದಷ್ಟು. ನಾನು ನಿನ್ನವನು ಎನ್ನುವವರು ವಿರಳ. ಸ್ನೇಹ ಎಂಬ ಶಬ್ದಕ್ಕೆ ಪ್ರೀತಿ, ಎಣ್ಣೆ ಎಂಬ ಎರಡೂ ಅರ್ಥಗಳಿವೆ. ಬಂಡಿಯ ಅಚ್ಚಿಗೆ ಲಗ್ನದ ದಿನ ಒಮ್ಮೆ ಎಣ್ಣೆ ಹಾಕಿ ಬಿಟ್ಟರೆ ನಡೆದೀತೇ? ಸಂಜೆ ಒಂದು ಫೋನು, ಬಿತ್ತನೆಗೆ ಮುಂಚೆ ಸೊಸೆಯನ್ನೂ ಕೂಡ್ರಿಸಿಕೊಂಡು ಕೇಳುವ ಒಂದು ಮಾತು, ಇವೇ ಆ ಎಣ್ಣೆ.

ತವರ ಹೊಲದಲ್ಲಿ ಪಾಲು ಕೇಳಿದಳೆಂದು ಅಕ್ಕನನ್ನು ಪಂಚಮಿಗೆ ಕರೆಯುವುದನ್ನೇ ಬಿಟ್ಟ ತಮ್ಮಂದಿರು ಈ ಸಭೆಯಲ್ಲಿಯೂ ಇರಬಹುದು. 2005ರ ಕಾಯಿದೆ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಹಕ್ಕು ಕೇಳಿದುದಕ್ಕೆ ನಂಟನ್ನು ದಂಡವಾಗಿ ಕಿತ್ತುಕೊಳ್ಳುವುದು ಅನ್ಯಾಯ. ಹೊಲದ ವ್ಯಾಜ್ಯ ಕೋರ್ಟಿನಲ್ಲಿ ನಡೆದಿರಲಿ. ಬರುವ ಪಂಚಮಿಗೆ ನೀವು ಅಕ್ಕನ ಊರಿಗೆ ಹೋಗಿರಿ. ಅವಳಿಗೆ ಅರವತ್ತಾಗಿರಬಹುದು, ಮೊಮ್ಮಕ್ಕಳ ನೆವ ಹೇಳಿ ಬರಲಾರೆನೆನ್ನಬಹುದು. ಕರೆದು, ಅವಳ ಕೈಯ ಒಂದು ಕಪ್ಪು ಚಹಾ ಕುಡಿದು ಬನ್ನಿರಿ.